ಪಾಳಿ ಬಿಡದ ಮಾಸ್ತರು

ನಮ್ಮ ಮಾಸ್ತರರ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಿರುತ್ತಿತ್ತು. ಹುಟ್ಟಿನಿಂದಲೇ ಹಾಗೋ, ನಮ್ಮ ಉತ್ತರಪತ್ರಿಕೆಗಳನ್ನು ಓದಿ ಓದಿ ಹಾಗಾಯಿತೋ ತಿಳಿಯದು. ವಿಶ್ವವಿದ್ಯಾಲಯದಲ್ಲಿ ಅವರು ನಮಗೆ ಸಾರ್ವಜನಿಕ ಆರೋಗ್ಯ, ಆಸ್ಪತ್ರೆಗಳ ಆಡಳಿತ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎಂಬುದು ಸೌಜನ್ಯದ ಮಾತು, ನಿಲ್ಲಿಸುತ್ತಿದ್ದರು.

ಬೇರೆ ಪ್ರಾಧ್ಯಾಪಕರು ಪರದೆಯ ಮೇಲೆ ಬಣ್ಣದ ನಕ್ಷೆ ತೋರಿಸುವಾಗ ಇವರು ನಮ್ಮನ್ನು ಬಸ್ಸಿಗೆ ಹತ್ತಿಸಿ, ಜಮಖಂಡಿ ಸೀಮೆಯ ಯಾವುದಾದರೂ ಸರ್ಕಾರಿ ದವಾಖಾನೆಯಲ್ಲಿ ಚೀಟಿ ಮಾಡಿಸುವವರ ಸಾಲಿಗೆ, ಅಂದರೆ ಪಾಳಿಗೆ, ಹಚ್ಚುತ್ತಿದ್ದರು. ಕಿಟಕಿ ಹತ್ತಿರವಾದ ಕೂಡಲೇ ರೋಗಿಗಳಿಗೆ ದಾರಿ ಬಿಟ್ಟು ಮತ್ತೆ ಹಿಂದಕ್ಕೆ ಹೋಗಬೇಕು. ರೋಗ-ಬ್ಯಾನಿ ಯಾವುದೂ ಇಲ್ಲದೆ ಪಾಳಿ ಹಚ್ಚುವ ತಪಸ್ಸು ಶತ್ರುವಿಗೂ ಬೇಡ. ಚಿಮ್ಮಡದ ಹತ್ತಿರ ಒಮ್ಮೆ ವೈದ್ಯರು ಇವರ ಗುರುತು ಹಿಡಿದು ಕುರ್ಚಿ, ಚಹಾ ತರಿಸಿದರು. ನಮ್ಮ ಕಾಲುಗಳು ಕೃತಜ್ಞತೆಯಿಂದ ಮಡಚಿಕೊಳ್ಳುವಷ್ಟರಲ್ಲಿ ಇವರು ಕೈ ಅಡ್ಡ ಹಿಡಿದರು.

"ಬ್ಯಾಡ್ರಿ ಡಾಕ್ಟರ. ಕುರ್ಚಿ ಮ್ಯಾಲ ಕುಂತಂವಗ ಪಾಳಿ ಕಾಣೂದಿಲ್ಲ."

ಚಹಾ ಮಾತ್ರ ಕುಡಿದರು, ನಿಂತುಕೊಂಡೇ.

ಪದವಿ ಮುಗಿಸಿ ನಾನು ಈ ಭಾಗದ ಒಂದು ಆಸ್ಪತ್ರೆಯ ಆಡಳಿತ ನೋಡಿಕೊಳ್ಳಲು ಬಂದೆ. ಒಂದು ಸೋಮವಾರ ಪಾಳಿಯ ತುದಿಯಲ್ಲಿ ಮಾಸ್ತರು ನಿಂತಿದ್ದರು. ಮುಖ ಬೂದಿ ಬಣ್ಣ, ಅಂಗಿಯೆಲ್ಲ ಬೆವರು, ಕೈ ಎದೆಯ ಮೇಲೆ.

"ಸರ್, ಒಳಗ ನಡೀರಿ."

"ಪಾಳಿ ಬರ್ಲಿ."

"ಪಾಳಿ ಬರೂತನಾ ನೀವು ಇರೂದಿಲ್ರಿ."

"ಗುರುತಿನವರನ್ನ ಮುಂದ ಕರಕೊಂಡು ಹೋಗಂತ ಕಲಿಸಿದ್ನೇನ ನಿನಗ?"

ಸಾಯುತ್ತಿರುವವರೊಡನೆ ಸಿದ್ಧಾಂತ ಚರ್ಚಿಸುವ ಯೋಗ ಎಲ್ಲರಿಗೂ ಬರುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಯಾರು ಮೊದಲ ಬಂದ್ರು ಅನ್ನೂದಲ್ಲ, ಯಾರಿಗೆ ಬ್ಯಾನಿ ಜಾಸ್ತಿ ಐತಿ ಅನ್ನೂದು ನೋಡಬೇಕಂತ ಪರೀಕ್ಷಾದಾಗ ಬರದಿದ್ನಿರಿ. ಮಾರ್ಕ್ಸ್ ಕೊಟ್ಟೀರಿ."

"ಅರ್ಧಾ ಕೊಟ್ಟೇನಿ. ಅದನ್ನ ನೋಡಾವ್ರು ಯಾರು ಅಂತ ನೀ ಬರದಿರಲಿಲ್ಲ."

ಅವರ ಮುಂದೆ ಮೊಣಕಾಲು ಹಿಡಿದು ನಿಂತಿದ್ದ ತೇರದಾಳದ ಅಜ್ಜಿ ತಿರುಗಿ ನೋಡಿದಳು. "ಹೋಗೋ ಯಪ್ಪಾ ಒಳಗ. ನೀ ಇಲ್ಲೇ ಬಿದ್ರ ಎಲ್ಲಾರೂ ನಿನ್ನ ಸುತ್ತ ನೆರೀತಾರ, ನಮ್ಮ ಪಾಳಿ ನಿಂತ ಹೋಗತೈತಿ."

ಮಾಸ್ತರು ಪಾಳಿಗೆ ಕೈಮುಗಿದು ಸ್ಟ್ರೆಚರ್ ಮೇಲೆ ಒರಗಿದರು. ಹೃದಯಾಘಾತ. ಉಳಿದರು.

ಮರುದಿನ ವಾರ್ಡಿಗೆ ಹೋದೆ. ಒಂದೆರಡು ಒಳ್ಳೆಯ ಮಾತು ಕೇಳುವ ಆಸೆಯಿತ್ತು.

"ನೀ ನನ್ನ ಗುರುತು ಹಿಡದಿ, ಉಳದ್ನಿ. ನಿನಗ ಗುರುತಿಲ್ಲದಂವ ಬಂದಿದ್ರ ಏನಾಕ್ಕಿತ್ತು?" ಎಂದರು.

ಒಂದು ವಾರ ನಿದ್ದೆ ಕೆಡಿಸಿದ ಪ್ರಶ್ನೆ ಅದು. ಕೊನೆಗೆ ಬಾಗಿಲಲ್ಲಿ ಒಬ್ಬ ನರ್ಸನ್ನು ಕೂರಿಸಿದೆ; ಬಂದವರನ್ನೆಲ್ಲ ನೋಡಿ, ಹೆಚ್ಚು ಬ್ಯಾನಿಯವರನ್ನು ಮೊದಲು ಒಳಗೆ ಕಳಿಸುವುದು ಆಕೆಯ ಕೆಲಸ. ಅಂದಿನಿಂದ ನನ್ನ ಶಾಂತಿಯೂ ಹೋಯಿತು. ಊರ ಹಿರಿಯರು ನೆಗಡಿ ಹೊತ್ತು ಬರುತ್ತಾರೆ.

"ನಾ ಯಾರು ಗೊತ್ತೈತೇನು?"

"ಇಲ್ರಿ. ನೆಗಡಿ ಅನ್ನೂದು ಗೊತ್ತಾತು, ಕುಂದರ್ರಿ," ಎನ್ನುತ್ತಾಳೆ ಆಕೆ. ಉಳಿದ ಬೈಗುಳ ನನ್ನ ಕೋಣೆಗೆ ಬರುತ್ತದೆ.

ಮಾಸ್ತರು ಹೋದ ವರ್ಷ ಮುಧೋಳದ ಮನೆಯಲ್ಲಿ, ನಿದ್ದೆಯಲ್ಲಿ, ಯಾರ ಪಾಳಿಗೂ ತೊಂದರೆ ಕೊಡದೆ ತೀರಿಕೊಂಡರು. ಈಚೆಗೆ ಬನಹಟ್ಟಿಯ ನೇಕಾರನೊಬ್ಬ ಎದೆ ಹಿಡಿದುಕೊಂಡು ಬಂದನಂತೆ, ಜೊತೆಗೆ ಯಾರೂ ಇರಲಿಲ್ಲವಂತೆ. ನರ್ಸ್ ಅವನನ್ನು ನೇರ ಒಳಗೆ ಕಳಿಸಿದಳು. ಅಂಥವನೊಬ್ಬ ಬಂದಿದ್ದನೆಂಬುದು ನನಗೆ ತಿಳಿದದ್ದು ಅವನು ಗುಣವಾಗಿ ಮನೆಗೆ ಹೋದ ಮೇಲೆ.