ಸುಯಿಪಾರಮ್ಮನ ಗಂಟು

ಏ ಗಲ್ಲಿಯ ಆಚೆಯವರೇ, ಒಂದು ಸಲ ತಲೆಯೆತ್ತಿ ವಿಕಾಸಪುರಿಯ ನಮ್ಮ ತಾರಸಿ ನೋಡಿ: ಆ ಸೊಪ್ಪಿನ ಗಿಡಗಳ ಹಸಿರು ಮೋಡದ ನಡುವೆ ತೇಲುತ್ತಿರುವವಳೇ, ನಮ್ಮ ಕಡೆಗೆ ಮೆಟ್ರೊ ಬಂದ ವರ್ಷ ಬರ್ಮಾದಿಂದ ಓಡಿಬಂದ ಸುಯಿಪಾರಮ್ಮ. ಮೀನಿನವರು ಎಸೆದ ಥರ್ಮೊಕೋಲ್ ಡಬ್ಬಿ ಸಿಕ್ಕರೆ ಅವಳಿಗೆ ಎರಡು ಎಕರೆ ಸಿಕ್ಕಷ್ಟು ಖುಷಿ. ಮನೆಯ ಐದು ಹೊಟ್ಟೆಗೂ ಮಣ್ಣು ತುಂಬಿದ ಆ ಡಬ್ಬಿಗಳೇ ಹೊಲ. ಮೋಡ ಕವಿದರೆ ಗಿಡಗಳಿಗೆ ತನ್ನ ಭಾಷೆಯಲ್ಲಿ ಜೋಗುಳ ಹಾಡುತ್ತಾಳೆ, ಬೀದಿನಾಯಿಗಳೂ ತೂಕಡಿಸುತ್ತವೆ. ಯಾರಾದರೂ ಒಂದು ಕಟ್ಟು ಸೊಪ್ಪು ಕೇಳಿದರೆ ಎರಡು ಕೊಡುತ್ತಾಳೆ, ಬೀಜ ಕೇಳಿದರೆ ಮಾತ್ರ ಲುಂಗಿಯ ತುದಿಯ ಗಂಟು ಮುಟ್ಟಿಕೊಂಡು, "ಇದು ಕೊಡಲ್ಲ ಭಯ್ಯಾ, ಮತ್ತೆ ಓಡಬೇಕಾದರೆ ಬೇಕು" ಎನ್ನುತ್ತಾಳೆ. ಇವತ್ತು ಮನೆಯ ಒಡತಿ, ರಾಯಚೂರಿನಿಂದ ಇಷ್ಟು ದೂರ ಬಂದು ನೆಲೆಸಿದ ನೀಲಮ್ಮ, ತಾರಸಿ ಸೋರುತ್ತಿದೆಯೆಂದು ಡಬ್ಬಿಗಳನ್ನೆಲ್ಲ ಎಸೆಯಿಸಲು ಮೇಲೆ ಬಂದಳು. ಬೈಯುತ್ತಲೇ ಕೆಂಪು ದಂಟೊಂದನ್ನು ಕಿತ್ತವಳು, ಎಲೆ ಕಚ್ಚಿ, ಹುಳಿ ಇಳಿಯುವವರೆಗೂ ಕಣ್ಣು ಮುಚ್ಚಿ ನಿಂತಳು. "ಯವ್ವಾ, ಇದು ನಮ್ಮ ಪುಂಡಿಪಲ್ಯ ಅಲ್ಲೇನ. ಡಬ್ಬಿ ಇಲ್ಲೇ ಇರ್ಲಿ, ಕೆಳಗ ತಾಡಪತ್ರಿ ಹಾಸೋಣ. ಚಲೋ, ನಾ ರೊಟ್ಟಿ ಬಡೀತೀನಿ, ನೀ ಎಲಿ ತಗೊಂಡು ಬಾ." ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು. ಸಂಜೆ ಸುಯಿಪಾರಮ್ಮ ತಾರಸಿಗೆ ಮರಳಿ, ಪ್ರತಿ ವರ್ಷ ಹೊಸ ಬೀಜ ತುಂಬುತ್ತ ಬಂದ ಆ ಗಂಟನ್ನು ಬಿಚ್ಚಿ, ಒಂದು ಕಾಳೂ ಉಳಿಸದೆ ಬಿತ್ತಿದಳು.