ಅಜ್ಜ ಕಾಣದ ನೆರೆ

ಕಡಬದ ಹೊಳೆಬದಿಯ ಬೆಳ್ಯಪ್ಪ ಗೌಡರಿಗೆ ನೆರೆಯೆಂದರೆ ಕುಟುಂಬದ ಸೊತ್ತು. ಸಾವಿರದ ಒಂಬೈನೂರ ಇಪ್ಪತ್ತಮೂರನೇ ಇಸವಿಯ ನೆರೆ ತಮ್ಮ ಅಜ್ಜನನ್ನು ಕಂಡು ಹಲಸಿನ ಮರದ ಬುಡದಿಂದಲೇ ಹಿಂದಿರುಗಿತೆಂದು ಅವರು ಹೇಳದ ಮದುವೆಮನೆ ಇರಲಿಲ್ಲ. ಅಜ್ಜ ಆಗ ತೆಂಗಿನಕಾಯಿ ಒಡೆದಿದ್ದರಂತೆ. ಹೊಳೆಗೆ ಅಷ್ಟು ಮರ್ಯಾದೆ ಸಾಕಾಯಿತಂತೆ.

ಐವತ್ತೆಂಟನೇ ಇಸವಿಯ ಬೇಸಗೆಯಲ್ಲಿ ಹೊಸಮನೆಗೆ ಅವರು ಆರಿಸಿದ್ದು ಆ ಮರದ ಬುಡಕ್ಕಿಂತ ಎರಡಾಳು ಎತ್ತರದ ಜಾಗ, ಹೂಳು ತುಂಬಿ ಬತ್ತಿದ ಹಳೆ ಕೆರೆಯ ದಂಡೆ.

"ಅಜ್ಜನ ಗಡಿ ದಾಟಿ ನೀರು ಬರುದುಂಟಾ?" ಎಂದರು. ಪಂಚಾಂಗದ, ಎಂದರೆ ಅಡಿಪಾಯದ, ಕಲ್ಲು ಬಂದು ಬಿತ್ತು. ಗೋಡೆಯ ಮಣ್ಣಿಗೆಂದು ಕೆರೆಯನ್ನೇ ಅಗೆಸತೊಡಗಿದರು.

ಮೊಣಕಾಲಾಳದಲ್ಲಿ ಹಿತ್ತಾಳೆ ಗಿಂಡಿಯೊಂದು ಸಿಕ್ಕಿತು. ಗೌಡರ ತಾಯಿ ಮದುವೆಯಾಗಿ ಬಂದ ವರ್ಷ, ಆ ನೆರೆಗೂ ಮುಂಚೆ, ಕೈಜಾರಿ ಕೆರೆಗೆ ಬಿದ್ದು ಕಳೆದದ್ದು. ಅದರ ಮೇಲೂ ಕೆಳಗೂ ಗುಡ್ಡದಿಂದ ಇಳಿದ ಕೆಂಪು ಮಣ್ಣೇ, ಹೊಳೆಯ ಮರಳಿನ ಕುರುಹಿಲ್ಲ. ಅಜ್ಜನ ಮಾತು ನಿಜ. ಗೌಡರು ಮೀಸೆ ತಿರುವಿದರು. ಎದೆಯಾಳದಲ್ಲಿ ಕಲ್ಲುಕಟ್ಟುವ ಮಾಯಿಲಪ್ಪ ಹಾರೆ ನಿಲ್ಲಿಸಿದ. ಅಗೆದ ಬದಿಯಲ್ಲಿ ಬಿಳಿ ಮರಳಿನ ಪಟ್ಟೆ, ಅದರಲ್ಲಿ ಕಾಗೆಬಂಗಾರದ ಮಿನುಗು.

"ಇದು ಹೊಳೆಯದ್ದಲ್ವಾ ಗೌಡ್ರೆ?"

"ಹೊಳೆ ಇಲ್ಲಿಗೆ ಹೇಗೆ ಬರುದು ಮಾರಾಯ? ಯಾರೋ ಹೊತ್ತು ಹಾಕಿದ್ದು."

"ಕೆರೆಗೆ ಮರಳು ಹೊರ್ಲಿಕ್ಕೆ ಯಾರಿಗೆ ಮರ್ಲು ಹಿಡಿದದ್ದು?" ಎಂದರು ಮಜ್ಜಿಗೆ ತಂದ ಹೆಂಡತಿ ದುಗ್ಗಮ್ಮ.

ಗೌಡರು ಗುಡ್ಡದಿಂದ ಹರಿದು ಬರುವ ತೋಡಿನ ಮರಳು ತಂದು ನೋಡಿದರು: ಕೆಂಪು, ಒರಟು. ಹೊಳೆಯದ್ದು ತಂದರು: ಅದೇ ಮಿನುಗು. ಗೋಡೆಗೆ ಬೇಕಾದಷ್ಟು ಮಣ್ಣಾದರೂ ಅಗೆತ ನಿಲ್ಲಲಿಲ್ಲ. ತಲೆ ಮುಳುಗುವ ಆಳದಲ್ಲಿ ಇನ್ನೊಂದು ಪಟ್ಟೆ, ಗೇಣು ದಪ್ಪ. ಗಿಂಡಿಯ ಲೆಕ್ಕದಲ್ಲಿ ಮೊಣಕಾಲಿಗೊಂದು ತಲೆಮಾರಾದರೆ ಇದು ಯಾವ ಮುತ್ತಜ್ಜನ ಕಾಲದ್ದು? ಅವನೇಕೆ ತೆಂಗಿನಕಾಯಿ ಒಡೆಯಲಿಲ್ಲ ಎಂದು ಗೌಡರು ಗೊಣಗಿದರು.

"ಒಡೆದಿರ್ಬಹುದು," ಎಂದರು ದುಗ್ಗಮ್ಮ, "ನೀರಿಗೆ ಕೇಳಿರ್ಲಿಕ್ಕಿಲ್ಲ. ಎರಡು ಸಲ ಬಂದದ್ದು ಇನ್ನೊಮ್ಮೆ ಬರ್ಲಿಕ್ಕೆ ನಿಮ್ಮ ಒಪ್ಪಿಗೆ ಕೇಳ್ತದಾ? ಮಕ್ಕಳನ್ನು ಕಟ್ಟಿಕೊಂಡು ನಾನಿಲ್ಲಿ ಮಲಗುದಿಲ್ಲ."

"ಹಾಗಾದ್ರೆ ಅಜ್ಜ ಓಡಿಸಿದ್ದು ನೆರೆಯ ಮರಿಯನ್ನು," ಎಂದು ಗೌಡರು ಒಪ್ಪಿದರು. ದನಿಯಲ್ಲಿ ದುಃಖಕ್ಕಿಂತ ಕುತೂಹಲವೇ ಹೆಚ್ಚಿತ್ತು.

ಪಂಚಾಂಗದ ಕಲ್ಲುಗಳೆಲ್ಲ ಗುಡ್ಡದ ಮೇಲಿನ ಹೊಸ ಜಾಗಕ್ಕೆ ಹತ್ತಿದವು. ಮಾಯಿಲಪ್ಪ ಗೋಡೆಗಳ ಅಳತೆಗೆ ನೂಲು ಹಿಡಿಯಲು ಹೊರಟರೆ ಗೌಡರು ಬಿಡಲಿಲ್ಲ. ಮೊದಲು ಇಲ್ಲಿಯೂ ಅಗೆದು ನೋಡಬೇಕೆಂದು ತಾವೇ ಹಾರೆ ಹಿಡಿದರು. ಸೊಂಟದಾಳಕ್ಕೆ ಕೆಂಪು ಮಣ್ಣು. ಎದೆಯಾಳಕ್ಕೂ ಅದೇ. ಕುತ್ತಿಗೆಯವರೆಗೆ ಇಳಿದು, ಹಿಡಿಮಣ್ಣನ್ನು ಬಿಸಿಲಿಗೆ ಹಿಡಿದು ಮಿನುಗು ಹುಡುಕುತ್ತಿದ್ದರು.

ದುಗ್ಗಮ್ಮ ಮೇಲಿನಿಂದ ಬಗ್ಗಿ ನೋಡಿದರು. "ಸಾಕು ಮಾರಾಯ್ರೆ, ಹತ್ತಿ. ಮನೆ ಕಟ್ಟುದಾ, ಬಾವಿ ತೋಡುದಾ?"