ಯೋಗ್ಯವಾದ ನಲ್ಲಿ

ನೀರಿಗಿಂತ ಮೊದಲು ಗಾಳಿ ಬರುತ್ತದೆ. ಬೆಳಿಗ್ಗೆ ಆರಕ್ಕೆ ಅವನು ಕಬ್ಬಿಣದ ಉದ್ದ ಚಾವಿಯನ್ನು ವಾಲ್ವಿನ ಗುಂಡಿಗಿಳಿಸಿ ಹದಿನಾಲ್ಕು ಸುತ್ತು ತಿರುಗಿಸಿದರೆ, ಕೆಳಬೀದಿಯ ನಲ್ಲಿಗಳು ಮುದುಕರಂತೆ ಕೆಮ್ಮಿ, ಬುಸುಗುಟ್ಟಿ, ಆಮೇಲೆ ಉಗುಳುತ್ತವೆ. ಇಪ್ಪತ್ತೆರಡು ವರ್ಷದಿಂದ ಊರಿಗೆ ನೀರು ಬಿಡುವವನು ಅವನು. ಕೆಮ್ಮು ಕೇಳಿಯೇ ಕೊಳವೆಯ ರೋಗ ಹೇಳಬಲ್ಲ.

ಈಚೆಗೆ ಕೆಮ್ಮಿನ ಕೊನೆಗೊಂದು ಗೊಳಗೊಳ ಸೇರಿಕೊಂಡಿತ್ತು. ಚರಂಡಿಯೊಳಗೆ ಹಾದುಹೋಗುವ ಕಡೆ ಕೊಳವೆ ಬಾಯಿ ಬಿಟ್ಟಿದೆ; ನೀರು ನಿಂತಾಗ ಕೊಚ್ಚೆ ಹೀರುತ್ತದೆ. ಮೂರು ಸಲ ಇಂಜಿನಿಯರಿಗೆ ಹೇಳಿದ. ಮೂರು ಸಲವೂ ಅವರು ಗೋಡೆಯ ಮೇಲಿನ ನೀರಿನ ಪರೀಕ್ಷೆಯ ವರದಿಯತ್ತ ಬೆರಳು ತೋರಿಸಿದರು: ಕುಡಿಯಲು ಯೋಗ್ಯ.

ಯೋಗ್ಯವಾಗದೆ ಏನು? ಪ್ರತಿ ತಿಂಗಳು ಪರೀಕ್ಷೆಯ ಬಾಟಲಿ ತುಂಬುವುದು ಆಫೀಸಿನ ಹಿತ್ತಲ ನಲ್ಲಿಯಿಂದ, ಅದೂ ಟ್ಯಾಂಕಿನ ಬುಡದಲ್ಲೇ. ಹಿಂದಿನ ದಿನ ಎರಡು ಹಿಡಿ ಬ್ಲೀಚಿಂಗ್ ಪುಡಿ ಹೆಚ್ಚಿಗೆ. ಕೆಳಬೀದಿಗೆ ಜ್ವರ ಬಂದರೆ ಮೇಲ್ಬೀದಿಯ ನಾಡಿ ಹಿಡಿದಂತೆ. ಆ ನಾಡಿ ಹಿಡಿಯುತ್ತಿದ್ದ ಕೈ ಅವನದೇ. ಅದಕ್ಕಾಗಿ ಅವನಿಗೆ ತನ್ನ ಮೇಲೂ ಹೇಸಿಗೆಯಿತ್ತು.

ಅವನ ಮಗಳ ಮನೆ ಕೆಳಬೀದಿಯಲ್ಲೇ. ನಾಲ್ಕು ವರ್ಷದ ಮೊಮ್ಮಗಳು ವಾಂತಿಭೇದಿಯಿಂದ ತಿಂಗಳಲ್ಲಿ ಎರಡನೇ ಸಲ ಆಸ್ಪತ್ರೆ ಸೇರಿದ್ದಳು.

"ನೀರು ಕಾಯಿಸ್ತಿದ್ದೀಯ ತಾನೇ?" ಎಂದು ಕೇಳಿದ.

"ಕುಡಿಯೋದನ್ನ ಕಾಯಿಸ್ತೀನಪ್ಪ. ಸ್ನಾನ ಮಾಡ್ತಾ ನುಂಗಿದ್ದನ್ನ ಹೊಟ್ಟೆಯೊಳಗೆ ಹೋಗಿ ಕಾಯಿಸ್ಲಾ? ನೀನೇ ಬಿಡೋ ನೀರಲ್ವಾ, ನೀನೇ ಹೇಳು," ಎಂದಳು ಮಗಳು.

ಅಂದೇ ಅವನು ಬಾಟಲಿಯನ್ನು ಮಗಳ ಮನೆಗೆ ಒಯ್ದ. ಹೊರಗಿನ ಕೊಳೆ ಸೇರದಂತೆ ನಲ್ಲಿಯ ಬಾಯಿಗೆ ಬೆಂಕಿ ಹಿಡಿದು, ಎರಡು ನಿಮಿಷ ನೀರು ಹರಿಯಬಿಟ್ಟು, ಕಲಿಸಿದಂತೆಯೇ ತುಂಬಿದ. ಚೀಟಿಯಲ್ಲಿ ಕೆಳಬೀದಿ ಎಂದೇ ಬರೆದ. ನಾಲ್ಕನೇ ದಿನ ವರದಿ ಬಂತು: ಮಲದ ರೋಗಾಣು ಇದೆ, ಯೋಗ್ಯವಲ್ಲ.

ಇಂಜಿನಿಯರು ಅವನನ್ನು ಕರೆಸಿದರು. "ಯಾರನ್ನ ಕೇಳಿ ಅಲ್ಲಿ ತುಂಬಿದ್ರಿ? ನಮ್ಮ ನಲ್ಲಿ ಇಲ್ವಾ?"

"ಇಲ್ಲಿಂದು ಯಾರೂ ಕುಡಿಯಲ್ಲ ಸರ್." ಅವನ ಕಣ್ಣು ಮೂಲೆಯಲ್ಲಿದ್ದ ಕ್ಯಾನಿನ ನೀರಿನ ಮೇಲಿತ್ತು.

"ಕೊಂಕು ಬೇಡ. ಇದನ್ನ ತಪ್ಪು ಮಾದರಿ ಅಂತ ಬರೆಯೋಣ. ಹಿತ್ತಲಲ್ಲಿ ಇನ್ನೊಂದು ಬಾಟಲಿ ತುಂಬ್ಕೊಂಡು ಬನ್ನಿ."

"ಕೊಳವೆ, ಸರ್?"

"ಬರೋ ವರ್ಷದ ಯೋಜನೇಲಿದೆ."

"ಮೊಮ್ಮಗಳು ನಾಳೆ ಮನೆಗೆ ಬರ್ತಾಳೆ ಸರ್."

"ಒಳ್ಳೇದೇ ಆಯ್ತಲ್ಲ," ಎಂದರು ಇಂಜಿನಿಯರು, ಖಾಲಿ ಬಾಟಲಿಯನ್ನು ಅವನತ್ತ ಸರಿಸುತ್ತ.

ಅವನು ಬಾಟಲಿ ಮುಟ್ಟಲಿಲ್ಲ. ಬಾಗಿಲ ಹಿಂದಿದ್ದ ಚಾವಿಯನ್ನು ಎತ್ತಿಕೊಂಡ.

"ಎಲ್ಲಿಗೆ?"

"ಕೆಳಬೀದಿ ವಾಲ್ವ್ ಮುಚ್ಚೋಕೆ."

"ತಲೆ ಕೆಟ್ಟಿದ್ಯೇನ್ರಿ? ಬೀದಿಗೆ ಬೀದಿಯೇ ಕೊಡ ಹಿಡ್ಕೊಂಡು ಇಲ್ಲಿಗೆ ಬರುತ್ತೆ."

"ಬರ್ಲಿ ಸರ್. ಇಲ್ಲಿನ ನಲ್ಲಿ ಯೋಗ್ಯವಾಗಿದೆ. ತುಂಬ್ಕೊಳ್ಳಲಿ."

"ನೋಡಿ, ಕೂತ್ಕೊಳ್ಳಿ. ಮೇಲಿನವರಿಗೆ ಒಂದು ಪತ್ರ ಬರೆದು, ಅವರಿಂದ ಉತ್ತರ ಬಂದ ಮೇಲೆ ನಾವು..."

ಚಾವಿಯ ತುದಿ ಹೊರಗಿನ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಠಣ್ಣೆನ್ನುತ್ತ ಇಳಿಯುತ್ತಿತ್ತು.